110/11 ಕೆ.ವಿ. ಟ್ರಾನ್ಸ್‌ಫಾರ್ಮರ್: ರಿಲೇ ಬದಲಿಸಿದ ಮೇಲೆ ಡಿಫರೆನ್ಷಿಯಲ್ ಕರೆಂಟ್ ಶೂನ್ಯಕ್ಕೆ ಬರುತ್ತಿಲ್ಲ

ಪ್ರಶ್ನೆ (ಮುಧೋಳದಿಂದ)

ನಮಸ್ಕಾರ. ನಮ್ಮ ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದಲ್ಲಿ 20 ಎಂ.ವಿ.ಎ., ವೈ.ಎನ್.ಡಿ.11 (ಎಚ್.ವಿ. ಎಂದರೆ 110 ಕೆ.ವಿ. ಕಡೆ ಸ್ಟಾರ್, ಎಲ್.ವಿ. ಎಂದರೆ 11 ಕೆ.ವಿ. ಕಡೆ ಡೆಲ್ಟಾ ಜೋಡಣೆ, ನಡುವೆ 30 ಡಿಗ್ರಿ ಕೋನ) ಟ್ರಾನ್ಸ್‌ಫಾರ್ಮರ್ ಇದೆ. ಸಿ.ಟಿ.ಗಳು (ಕರೆಂಟನ್ನು ಅಳತೆಗಾಗಿ ಇಳಿಸಿಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗಳು) ಎಚ್.ವಿ. ಕಡೆ 150/1, ಎಲ್.ವಿ. ಕಡೆ 1200/1. ಈ ಹಂಗಾಮಿಗೆ ಮುನ್ನ ಎರಡೂ ಕಡೆಯ ಕರೆಂಟನ್ನು ಹೋಲಿಸಿ ದೋಷವಿದ್ದರೆ ಟ್ರಿಪ್ ಮಾಡಿಸುವ ಹಳೆಯ ಸ್ಟ್ಯಾಟಿಕ್ ರಿಲೇಯನ್ನೂ ಅದರ ಇಂಟರ್‌ಪೋಸಿಂಗ್ ಸಿ.ಟಿ.ಗಳನ್ನೂ (ಕರೆಂಟ್ ಹೊಂದಿಸಲು ನಡುವೆ ಹಾಕುವ ಸಣ್ಣ ಸಿ.ಟಿ.ಗಳು) ತೆಗೆಸಿ ನ್ಯೂಮೆರಿಕಲ್ (ಹೊಂದಾಣಿಕೆಯನ್ನು ಲೆಕ್ಕದಲ್ಲೇ ಮಾಡುವ ಡಿಜಿಟಲ್) ರಿಲೇ ಹಾಕಿಸಿದೆವು. ಅದರಲ್ಲಿ ವೆಕ್ಟರ್ ಗ್ರೂಪ್ (ಜೋಡಣೆಯ ಸಂಕೇತ) ವೈ.ಡಿ.11 ಎಂದೇ ಇದೆ. 8 ಎಂ.ವಿ.ಎ. ಲೋಡಿನಲ್ಲಿ ರಿಲೇಯು ಎಚ್.ವಿ. ಕರೆಂಟನ್ನು ರೇಟೆಡ್ ಕರೆಂಟಿನ 0.69 ಪಟ್ಟು, ಎಲ್.ವಿ. ಕರೆಂಟನ್ನು 0.40 ಪಟ್ಟು, ಡಿಫರೆನ್ಷಿಯಲ್ ಕರೆಂಟನ್ನು (ಎರಡರ ನಡುವಿನ ವ್ಯತ್ಯಾಸ) 0.40 ಪಟ್ಟು ತೋರಿಸುತ್ತಿದೆ. ಪಿಕಪ್ (ರಿಲೇ ಟ್ರಿಪ್ ಮಾಡುವ ಕನಿಷ್ಠ ಮಟ್ಟ) 0.25 ಆಗಿರುವುದರಿಂದ, ಟ್ರಿಪ್ ಆಗದಿರಲೆಂದು ಸದ್ಯಕ್ಕೆ ಡಿಫರೆನ್ಷಿಯಲ್ ಟ್ರಿಪ್ ಲಿಂಕನ್ನು ತೆರೆದಿಟ್ಟಿದ್ದೇವೆ. ಪಿಕಪ್ಪನ್ನು 0.5ಕ್ಕೆ ಏರಿಸಿದರೆ ಸಾಕು ಎನ್ನುತ್ತಾರೆ ಗುತ್ತಿಗೆದಾರರು. ಇದು ಸರಿಯೇ?

ಉತ್ತರ (ಬೆಳಗಾವಿಯಿಂದ)

ಪಿಕಪ್ಪಿಗೆ ದಯವಿಟ್ಟು ಕೈ ಹಚ್ಚಬೇಡಿರಿ. ಈ ಅಂತರ ಲೋಡಿನೊಂದಿಗೇ ಬೆಳೆಯುವಂಥದ್ದು. ಪೂರ್ಣ ಲೋಡಿಗೆ ಡಿಫರೆನ್ಷಿಯಲ್ ಕರೆಂಟ್ 1.0 ಆಗುತ್ತದೆ.

ನಿಮ್ಮ ಅಂಕಿಗಳಲ್ಲೇ ಉತ್ತರವಿದೆ. 8 ಎಂ.ವಿ.ಎ.ಗೆ 110 ಕೆ.ವಿ. ಕಡೆ 42 ಆಂಪಿಯರ್ ಹರಿಯುತ್ತದೆ, 150/1 ಸಿ.ಟಿ.ಯಿಂದ ಅದು 0.28 ಆಂಪಿಯರ್ ಆಗಿ ಬರಬೇಕು, ಅಂದರೆ ರೇಟೆಡ್‌ನ 0.40 ಪಟ್ಟು. ನಿಮಗೆ ಬಂದಿರುವ 0.69 ಎಂಬುದು 0.40ರ 1.732 ಪಟ್ಟು, ಅಂದರೆ ಮೂರರ ವರ್ಗಮೂಲದಷ್ಟು. ಅನುಪಾತ ಮಾತ್ರ ತಪ್ಪಿದ್ದರೆ ವ್ಯತ್ಯಾಸ 0.29 ಇರುತ್ತಿತ್ತು, ಅದು 0.40 ಆಗಿದೆ ಎಂದರೆ ಎರಡು ಕರೆಂಟುಗಳ ನಡುವೆ 30 ಡಿಗ್ರಿ ಕೋನವೂ ಉಳಿದಿದೆ. ಹಳೆಯ ರಿಲೇಗಾಗಿ ಎಚ್.ವಿ. ಸಿ.ಟಿ.ಗಳನ್ನು ಡೆಲ್ಟಾದಲ್ಲಿ ಕಟ್ಟಿ ಆ 30 ಡಿಗ್ರಿಯನ್ನು ವೈರಿಂಗಿನಲ್ಲೇ ಸರಿಪಡಿಸಿರುತ್ತಾರೆ. ಹೊಸ ರಿಲೇ ಅದನ್ನೇ ಲೆಕ್ಕದಲ್ಲಿ ಇನ್ನೊಮ್ಮೆ ಸರಿಪಡಿಸುತ್ತಿದೆ. ಪ್ಯಾನೆಲ್ ಟರ್ಮಿನಲ್‌ನಲ್ಲಿ ಕ್ಲ್ಯಾಂಪ್ ಮೀಟರ್ ಹಿಡಿದು ನೋಡಿರಿ, 0.28ರ ಬದಲು 0.48 ಸಿಗಬೇಕು. ಹಾಗಿದ್ದರೆ ಲೈನ್ ಕಡಿತಗೊಳಿಸಿ, ಮಾರ್ಷಲಿಂಗ್ ಬಾಕ್ಸಿನಲ್ಲಿ (ಸಿ.ಟಿ. ತಂತಿಗಳು ಬಂದು ಸೇರುವ ಪೆಟ್ಟಿಗೆ) ಸಿ.ಟಿ.ಗಳನ್ನು ಸ್ಟಾರ್‌ಗೆ ಬದಲಿಸಿರಿ. ಸ್ಟಾರ್ ಪಾಯಿಂಟಿಗೆ ಒಂದೇ ಕಡೆ ಅರ್ತಿಂಗ್ ಇರಲಿ.

ಉತ್ತರ (ವಿಜಯಪುರದಿಂದ)

ಮೇಲಿನ ನಿರ್ಣಯ ಸರಿಯಾಗಿದೆ. ವೈರಿಂಗ್ ಮುಟ್ಟದೆ ರಿಲೇಯಲ್ಲಿ ವೈ.ವೈ.0 (ಕೋನ ವ್ಯತ್ಯಾಸವಿಲ್ಲದ ಗ್ರೂಪ್) ಎಂದು ಕೊಟ್ಟು, ಎಚ್.ವಿ. ಗುಣಕವನ್ನು 1.732ರಿಂದ ಭಾಗಿಸುವ ಅಡ್ಡದಾರಿಯೂ ಇದೆ, ಮತ್ತು ಅದರಿಂದ ಡಿಫರೆನ್ಷಿಯಲ್ ಶೂನ್ಯಕ್ಕೆ ಬರುವುದೂ ನಿಜ. ಆದರೆ ಡೆಲ್ಟಾದಿಂದ ಶೂನ್ಯಕ್ರಮ ಕರೆಂಟ್ (ಅರ್ತ್ ಫಾಲ್ಟಿನಲ್ಲಿ ಮೂರೂ ಫೇಸ್‌ಗಳಲ್ಲಿ ಒಟ್ಟಿಗೇ ಒಂದೇ ದಿಕ್ಕಿಗೆ ಹರಿಯುವ ಭಾಗ) ಹೊರಗೇ ಬರುವುದಿಲ್ಲವಾದ್ದರಿಂದ ಅದೇ ಸಿ.ಟಿ.ಗಳಿಂದ ರಿಸ್ಟ್ರಿಕ್ಟೆಡ್ ಅರ್ತ್ ಫಾಲ್ಟ್ ರಕ್ಷಣೆ (ವೈಂಡಿಂಗಿನೊಳಗಿನ ಅರ್ತ್ ಫಾಲ್ಟಿಗೆ ಮಾತ್ರ ಸ್ಪಂದಿಸುವುದು) ಸಿಗದು. ಮುಂದೆ ಬರುವವರಿಗೆ ರಿಲೇಯ ಸೆಟ್ಟಿಂಗಿಗೂ ನೇಮ್ ಪ್ಲೇಟಿಗೂ ತಾಳೆಯಾಗದಿರುವುದು ಬೇರೆ ತೊಂದರೆ.

11 ಕೆ.ವಿ. ಕಡೆ ಅರ್ತಿಂಗ್ ಟ್ರಾನ್ಸ್‌ಫಾರ್ಮರ್ (ಡೆಲ್ಟಾ ಕಡೆಗೆ ನ್ಯೂಟ್ರಲ್ ಒದಗಿಸುವುದು) ಇದೆಯೇ? ಅದು ಎಲ್.ವಿ. ಸಿ.ಟಿ.ಯ ಒಳಗಿನ ವಲಯದಲ್ಲಿದ್ದರೆ (ಎರಡೂ ಕಡೆಯ ಸಿ.ಟಿ.ಗಳ ನಡುವಿನ ಭಾಗ) ಎಲ್.ವಿ. ಕಡೆಯೂ ಶೂನ್ಯಕ್ರಮ ಶೋಧನೆಯನ್ನು (ಆ ಕರೆಂಟನ್ನು ಸೋಸಿ ತೆಗೆಯುವುದನ್ನು) ಆನ್ ಮಾಡಿರಿ. ಇಲ್ಲವಾದರೆ ಹೊರಗಿನ ಫೀಡರಿನ ಅರ್ತ್ ಫಾಲ್ಟಿಗೆ ನಿಮ್ಮ ಟ್ರಾನ್ಸ್‌ಫಾರ್ಮರ್ ಟ್ರಿಪ್ ಆದೀತು.

ಮತ್ತೆ ಮುಧೋಳದಿಂದ

ಕ್ಲ್ಯಾಂಪ್ ಮೀಟರಿನಲ್ಲಿ 0.48 ಬಂತು, ಬಾಕ್ಸ್ ತೆರೆದಾಗ ಡೆಲ್ಟಾ ಜೋಡಣೆಯೇ ಇತ್ತು. ಸ್ಟಾರ್ ಮಾಡಿದ ಮೇಲೆ ಎಚ್.ವಿ. 0.42, ಎಲ್.ವಿ. 0.40, ಡಿಫರೆನ್ಷಿಯಲ್ 0.02 ತೋರಿಸುತ್ತಿದೆ. ಟ್ರಿಪ್ ಲಿಂಕ್ ಹಾಕಿದ್ದೇವೆ. ಅರ್ತಿಂಗ್ ಟ್ರಾನ್ಸ್‌ಫಾರ್ಮರ್ ವಲಯದ ಒಳಗೇ ಇದ್ದುದರಿಂದ ಶೋಧನೆಯನ್ನೂ ಆನ್ ಮಾಡಿದೆವು. ಆ 0.02 ಎಲ್ಲಿಂದ ಬರುತ್ತಿದೆ?

ಉತ್ತರ (ಬೆಳಗಾವಿಯಿಂದ)

ಅದು ಟ್ಯಾಪಿನದು (ವೋಲ್ಟೇಜ್ ಹೊಂದಿಸಲು ವೈಂಡಿಂಗಿನ ಸುತ್ತುಗಳನ್ನು ಹೆಚ್ಚು ಕಡಿಮೆ ಮಾಡುವ ಸ್ಥಾನ). ನಿಮ್ಮ ಟ್ಯಾಪ್ ಸುಮಾರು ಶೇ. 5ರಷ್ಟು ಕೆಳಗಿರಬೇಕು. ವ್ಯಾಪ್ತಿ ಶೇ. +5ರಿಂದ −15ರವರೆಗೆ ಇದ್ದರೆ ಕಟ್ಟಕಡೆಯ ಟ್ಯಾಪಿನಲ್ಲಿ ಎಚ್.ವಿ. ಪೂರ್ಣ ಲೋಡ್ ಕರೆಂಟ್ 105ರಿಂದ 123.5 ಆಂಪಿಯರಿಗೆ ಏರುತ್ತದೆ, ಡಿಫರೆನ್ಷಿಯಲ್ ಶೇ. 17ನ್ನು ದಾಟುತ್ತದೆ. ರಿಲೇಯಲ್ಲಿ ಎಚ್.ವಿ. ರೇಟೆಡ್ ವೋಲ್ಟೇಜನ್ನು 110ರ ಬದಲು 103.3 ಕೆ.ವಿ. ಎಂದು ಕೊಟ್ಟರೆ ಎರಡೂ ತುದಿಗಳಲ್ಲಿ ತಪ್ಪು ಶೇ. 10.5ರಷ್ಟಕ್ಕೆ ಸಮನಾಗಿ ಹಂಚಿಹೋಗುತ್ತದೆ, ಶೇ. 25ರಿಂದ 30ರ ಮೊದಲ ಸ್ಲೋಪ್ (ಲೋಡ್ ಕರೆಂಟ್ ಏರಿದಂತೆ ಟ್ರಿಪ್ ಮಟ್ಟವನ್ನೂ ಏರಿಸುವ ಸೆಟ್ಟಿಂಗ್) ಅದನ್ನು ಸಿ.ಟಿ. ತಪ್ಪಿನ ಸಮೇತ ತಡೆದುಕೊಳ್ಳುತ್ತದೆ.