ಕ್ಯಾನ್ಸರ್, ಜೀನ್, ಕಂಪ್ಯೂಟರ್: ಇವತ್ತು ಸಂಜೆ ಮೇಡಂ ಅವರನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಕ್ಯಾನ್ಸರ್ ರೋಗಿಗಳ ಜೀನ್ ಡೇಟಾ ವಿಶ್ಲೇಷಣೆ ಮಾಡುವ ಮೇಡಂ ಒಬ್ಬರು ಬೆಂಗಳೂರಿನಿಂದ ಸೇರಿಕೊಂಡಿದ್ದಾರೆ. ಅವರು ಚಿಕಿತ್ಸೆ ಕೊಡುವ ಡಾಕ್ಟರ್ ಅಲ್ಲ. ರೋಗಿಯ ಹೆಸರು, ರಿಪೋರ್ಟ್ ಫೋಟೋ ಹಾಕಬೇಡಿ.

ತುಮಕೂರು: ಮೇಡಂ, ಕ್ಯಾನ್ಸರ್ ಸಂಶೋಧನೆಯಲ್ಲಿ ಕಂಪ್ಯೂಟರ್‌ಗೆ ಏನು ಕೆಲಸ?

ಮೇಡಂ: ಒಳ್ಳೆ ಪ್ರಶ್ನೆ. ಮನುಷ್ಯನ ಜೀನೋಮ್ ಅಂದರೆ ಕೋಶದೊಳಗಿನ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರ. ಎ, ಟಿ, ಜಿ, ಸಿ ಅಂತ ನಾಲ್ಕೇ, ಅವೇ ತಿರುಗಿ ಮುರುಗಿ ಬರುತ್ತವೆ. ಗಡ್ಡೆಯ ಚೂರನ್ನೂ ಅದೇ ರೋಗಿಯ ರಕ್ತವನ್ನೂ ಯಂತ್ರದಲ್ಲಿ ಓದಿಸಿ, ಅಕ್ಕಪಕ್ಕ ಇಟ್ಟು ಹೋಲಿಸುತ್ತೇವೆ. ರಕ್ತದಲ್ಲಿ ಇಲ್ಲದೆ ಗಡ್ಡೆಯಲ್ಲಿ ಮಾತ್ರ ಬದಲಾದ ಅಕ್ಷರ ಯಾವುದು? ಅದನ್ನು ಹುಡುಕಬೇಕು. ಅಮೆರಿಕದಲ್ಲಿ 2006ರಲ್ಲಿ ಶುರುವಾದ ಟಿಸಿಜಿಎ ಯೋಜನೆ 33 ಬಗೆಯ ಕ್ಯಾನ್ಸರ್‌ಗಳನ್ನು ಹೀಗೆ ಓದಿತು. ಆ ಡೇಟಾವನ್ನು ಜಗತ್ತಿನ ಸಂಶೋಧಕರೆಲ್ಲ ಇವತ್ತಿಗೂ ಬಳಸುತ್ತಿದ್ದಾರೆ. ಇಂಥದ್ದೇ ಒಂದು ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತ ವಹಿಸಿಕೊಂಡಿದ್ದು ಬಾಯಿ ಕ್ಯಾನ್ಸರ್. ಯಾಕೆ ಅಂತ ಹೊಗೆಸೊಪ್ಪು ಜಗಿಯುವ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ.

ದಾವಣಗೆರೆ: ಮಗ ಪಿಯುಸಿ, ಪಿಸಿಎಂಬಿ. ಈ ಲೈನಿಗೆ ಬರೋಕೆ ಯಾವ ಕೋರ್ಸ್ ಒಳ್ಳೇದು?

ಮಂಡ್ಯ: *ಫಾರ್ವರ್ಡ್ ಆಗಿದೆ:* ಲಕ್ಷ್ಮಣ ಫಲ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ!! ಔಷಧಿ ಕಂಪನಿಗಳು ಮುಚ್ಚಿಟ್ಟ ಸತ್ಯ!! ಎಲ್ಲರಿಗೂ ಕಳಿಸಿ 🙏

ಮೇಡಂ: ಲ್ಯಾಬಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶವನ್ನು ಸಾಯಿಸುವ ವಸ್ತುಗಳು ಬೇಕಾದಷ್ಟಿವೆ. ಮನುಷ್ಯರಲ್ಲಿ ಈ ಹಣ್ಣಿನಿಂದ ಕ್ಯಾನ್ಸರ್ ವಾಸಿಯಾಗುತ್ತೆ ಅಂತ ಸಾಬೀತಾಗಿಲ್ಲ. ಅದರಲ್ಲಿರುವ ಅನೋನಾಸಿನ್ ನರಗಳಿಗೆ ಹಾನಿ ಮಾಡುವ ವಸ್ತು. ಇದನ್ನು ನಂಬಿ ಯಾರೂ ಕೀಮೋ ನಿಲ್ಲಿಸಬೇಡಿ.

ಹಾಸನ: ಮೇಡಂ, ನಮ್ಮಕ್ಕನಿಗೆ 38 ವರ್ಷ. ಸ್ತನ ಕ್ಯಾನ್ಸರ್, ಕೀಮೋ ನಡೀತಿದೆ. ಜೀನ್ ಟೆಸ್ಟ್‌ನಲ್ಲಿ ಬಿಆರ್‌ಸಿಎ2 ಜೀನಿನಲ್ಲಿ ವಿಯುಎಸ್ ಅಂತ ಬಂತು. ಭಾವ ಆ ರಿಪೋರ್ಟನ್ನ ಎಐ ಆ್ಯಪ್‌ಗೆ ಹಾಕಿದ್ರು. ಮನೆಯ ಹೆಣ್ಮಕ್ಕಳಿಗೆಲ್ಲ ಅಪಾಯ ಜಾಸ್ತಿ ಅಂತ ಅದು ಹೇಳ್ತು. ನನಗೆ 31, ಇನ್ನೂ ಮಕ್ಕಳಾಗಿಲ್ಲ. ನನಗೂ ಟೆಸ್ಟ್ ಮಾಡಿಸಿದ್ರು, ಅದೇ ವಿಯುಎಸ್ ಇದೆ. ಸ್ತನ, ಅಂಡಾಶಯ ಎಲ್ಲ ಮೊದಲೇ ತೆಗೆಸಿಬಿಡು ಅಂತಿದ್ದಾರೆ. ಮುಂದಿನ ವಾರ ಸರ್ಜನ್ ಹತ್ರ ಹೋಗ್ಬೇಕು.

ಮೇಡಂ: ನೋಡಮ್ಮಾ, ಈ ವಿಯುಎಸ್ ಒಂದನ್ನೇ ನೆಚ್ಚಿಕೊಂಡು ಆಪರೇಷನ್‌ಗೆ ಒಪ್ಪಬೇಡಿ. ಬಿಆರ್‌ಸಿಎ2 ಜೀನ್ ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಏರುತ್ತೆ, ನಿಜ. ಆದರೆ ವಿಯುಎಸ್ ಅಂದರೆ ಪಾಸಿಟಿವ್ ರಿಪೋರ್ಟ್ ಅಲ್ಲ. ಒಂದು ಬದಲಾವಣೆ ಕಂಡಿದೆ, ಅದು ಕೆಟ್ಟದ್ದೋ ಅಲ್ಲವೋ ಇನ್ನೂ ತೀರ್ಮಾನ ಆಗಿಲ್ಲ, ಅಷ್ಟೇ ಅದರ ಅರ್ಥ.

ತೀರ್ಮಾನ ಹೇಗೆ ಮಾಡ್ತೇವೆ ಕೇಳಿ. ಇಂಥ ಬದಲಾವಣೆ ಬಂದರೆ ನಾನು ಮೊದಲು ನೋಡುವುದು, ಆರೋಗ್ಯವಾಗಿರುವ ಎಷ್ಟು ಜನರಲ್ಲಿ ಇದು ಇದೆ ಅಂತ. ತುಂಬಾ ಜನರಲ್ಲಿದ್ದರೆ ಕ್ಯಾನ್ಸರ್ ತರುವಂಥದ್ದಲ್ಲ. ಆದರೆ ಆ ಲೆಕ್ಕ ಸಿಗುವ ದೊಡ್ಡ ಡೇಟಾಬೇಸ್‌ಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ. ನಮ್ಮಲ್ಲಿ ತಲೆಮಾರುಗಳಿಂದ ಜಾತಿಯೊಳಗೇ ಮದುವೆ, ಎಷ್ಟೋ ಕಡೆ ಸೋದರಮಾವನ ಜೊತೆ. ಅಲ್ಲಿ ಅಪರೂಪ ಅನ್ನಿಸುವ ಬದಲಾವಣೆ ಇಲ್ಲಿನ ಒಂದು ಸಮುದಾಯದಲ್ಲಿ ಎಷ್ಟೋ ಮನೆಗಳಲ್ಲಿ ಇರಬಹುದು. ನಮ್ಮವರನ್ನು ಓದಿಯೇ ಇಲ್ಲದಿದ್ದರೆ ಕಂಪ್ಯೂಟರ್ ಹೇಗೆ ಹೇಳುತ್ತೆ? ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10 ಸಾವಿರ ಭಾರತೀಯರ ಜೀನೋಮ್ ಓದಿದರು. 2025ರಲ್ಲಿ ಆ ಡೇಟಾ ಸಂಶೋಧಕರಿಗೆ ಸಿಕ್ಕಿತು. ನಿಮ್ಮಂಥವರ ಪ್ರಶ್ನೆಗೆ ಉತ್ತರ ಬರಬೇಕಾದ್ದು ಅಂಥ ಕಡೆಯಿಂದಲೇ.

ವಿಯುಎಸ್‌ಗಳನ್ನು ಆಮೇಲೆ ಮರುಪರಿಶೀಲಿಸಿದಾಗ ಹೆಚ್ಚಿನವು ನಿರಪಾಯ ಅಂತಲೇ ತೀರ್ಮಾನವಾಗಿವೆ. ಕೆಲವು ಕೆಟ್ಟವೂ ಆಗಿವೆ, ಹಾಗಾಗಿ ರಿಪೋರ್ಟ್ ಜೋಪಾನ. ಜೀನ್ ರಿಪೋರ್ಟಿನ ಅರ್ಥ ಬಿಡಿಸಿ ಹೇಳುವ ಜೆನೆಟಿಕ್ ಕೌನ್ಸಿಲರ್ ಅವರನ್ನು ನೋಡಿ. ಕುಟುಂಬದಲ್ಲಿ ಕ್ಯಾನ್ಸರ್ ಬಂದ ಬೇರೆಯವರು ಇದ್ದರೆ ಅವರಲ್ಲೂ ಇದೇ ಬದಲಾವಣೆ ಇದೆಯಾ ಅಂತ ಪರೀಕ್ಷೆ ಮಾಡಿಸಬಹುದಾ ಕೇಳಿ. ಅಕ್ಕನಿಗೆ 38ಕ್ಕೇ ಬಂದಿರೋದರಿಂದ ನಿಮಗೆ ತಪಾಸಣೆ ಬೇಗ ಶುರುವಾಗಬೇಕು, ಅದು ಬೇರೆ ಮಾತು. ಬಿಆರ್‌ಸಿಎ2 ನಿಜವಾಗಿ ಕೆಟ್ಟಿರುವವರಿಗೂ ಅಂಡಾಶಯ ತೆಗೆಯುವ ಮಾತು ಬರುವುದು ಸಾಮಾನ್ಯವಾಗಿ 40ರ ನಂತರ. ಒಮ್ಮೆ ತೆಗೆದರೆ ಮುಟ್ಟು ಅಲ್ಲಿಗೇ ನಿಲ್ಲುತ್ತೆ, ಮೂಳೆಗೂ ಪೆಟ್ಟು.

ವೈಟ್‌ಫೀಲ್ಡ್: ಮೇಡಂ, ಎಐನ ಸುಮ್ನೆ ತೆಗಳಬೇಡಿ. ಪ್ರೋಟೀನ್ ಆಕಾರ ಊಹಿಸುವ ಎಐ ಆಲ್ಫಾಫೋಲ್ಡ್ ಮಾಡಿದವರಿಗೆ 2024ರಲ್ಲಿ ನೊಬೆಲ್ ಬಂತು. ಸ್ವೀಡನ್‌ನಲ್ಲಿ ಎಐ ಡಾಕ್ಟರ್‌ಗಳಿಗಿಂತ ಚೆನ್ನಾಗಿ ಕ್ಯಾನ್ಸರ್ ಹಿಡೀತು. ಇನ್ನು 5 ವರ್ಷದಲ್ಲಿ ಡಾಕ್ಟರೇ ಬೇಕಾಗಲ್ಲ.

ಶಿವಮೊಗ್ಗ: 30 ವರ್ಷ ಲ್ಯಾಬ್‌ನಲ್ಲಿ ಗಡ್ಡೆಯ ಚೂರನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿ ಸ್ಲೈಡ್ ಮಾಡಿದವನು ನಾನು. ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ನಿಮ್ಮ ಎಐಗೆ ತಲೆ ಕೆಡುತ್ತೆ.

ವೈಟ್‌ಫೀಲ್ಡ್: ಅಂಕಲ್, ಅದೆಲ್ಲ ಹಳೇ ಮಾತು.

ಮೇಡಂ: ಶಿವಮೊಗ್ಗದವರು ಹೇಳಿದ್ದು ಹಳೇದಲ್ಲ. ಸ್ಲೈಡ್ ಯಾವ ಆಸ್ಪತ್ರೆಯದು ಅನ್ನೋದನ್ನೇ ಎಐ ಗುರುತು ಹಿಡಿದುಬಿಡುತ್ತೆ ಅಂತ ಟಿಸಿಜಿಎ ಸ್ಲೈಡ್‌ಗಳಲ್ಲೇ ತೋರಿಸಿದ್ದಾರೆ. ಕ್ಯಾನ್ಸರ್ ಕಲಿಯುವ ಬದಲು ಆಸ್ಪತ್ರೆ ಕಲಿತರೆ ಏನು ಪ್ರಯೋಜನ? ಸ್ವೀಡನ್ ಅಧ್ಯಯನ ನಾನೂ ಮೆಚ್ಚಿದ್ದೇನೆ. ಮೊದಲ ವರದಿಯಲ್ಲಿ 80 ಸಾವಿರ ಹೆಂಗಸರು, ಮ್ಯಾಮೋಗ್ರಾಂ ಅಂದರೆ ಸ್ತನದ ಎಕ್ಸ್‌ರೇ ಓದುವ ಹೊರೆ 44% ಇಳಿಯಿತು. ಆದರೆ ಚಿತ್ರ ನೋಡಿ ತೀರ್ಮಾನ ಹೇಳಿದ್ದು ರೇಡಿಯಾಲಜಿಸ್ಟ್‌ಗಳೇ.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕಥೆಯನ್ನೂ ಓದಿ. ಯಾವ ಗಡ್ಡೆಗೆ ಯಾವ ಕೀಮೋ ಹಿಡಿಯುತ್ತೆ ಅಂತ ಜೀನ್ ಡೇಟಾ ನೋಡಿ ಹೇಳುತ್ತೇವೆ ಅಂತ 2006ರಲ್ಲಿ ಪ್ರಕಟಿಸಿದರು. ಬ್ಯಾಗರ್ಲಿ, ಕೂಂಬ್ಸ್ ಅನ್ನುವ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಕೂತು ಲೆಕ್ಕ ಮತ್ತೆ ಮಾಡಿದರು. ಜೀನ್‌ಗಳ ಪಟ್ಟಿ ಒಂದು ಸಾಲು ಕೆಳಗೆ ಜಾರಿತ್ತು. ಕೆಲವು ಕಡೆ ಮದ್ದು ಹಿಡಿಯುವ ಕೋಶ, ಹಿಡಿಯದ ಕೋಶ ಅದಲುಬದಲು. ಅಷ್ಟರಲ್ಲಿ ಅದನ್ನು ನಂಬಿ ನಿಜವಾದ ರೋಗಿಗಳ ಮೇಲೆ ಪ್ರಯೋಗ ನಡೆದಿತ್ತು. 2010ರಲ್ಲಿ ನಿಲ್ಲಿಸಿದರು. ಒಂದು ಸಾಲು ಜಾರಿದ್ದನ್ನು ಕಂಪ್ಯೂಟರ್ ಹೇಳಲಿಲ್ಲ, ಮನುಷ್ಯರು ಹಿಡಿದರು.

ಕೋಲಾರ: ಎಐಯಿಂದ ಕ್ಯಾನ್ಸರ್‌ಗೆ ಮದ್ದು ಯಾವಾಗ ಬರುತ್ತೆ?

ಮೇಡಂ: ಎಲ್ಲ ಕ್ಯಾನ್ಸರ್‌ಗೂ ಒಂದೇ ಮದ್ದು ಇಲ್ಲ.

ಉಡುಪಿ: ಎಐ ಕ್ಯಾನ್ಸರ್ ಗುಣ ಮಾಡ್ತದಾ?

ಮೇಡಂ: ಈಗಷ್ಟೇ ಹೇಳಿದೆ.

ಧಾರವಾಡ: ನಮ್ಮ ರಕ್ತ ತಗೊಂಡು ಡೇಟಾ ಮಾರಿ ರೊಕ್ಕ ಮಾಡ್ಕೋತಾರ, ಅಷ್ಟ. ಯಾರೂ ಸಹಿ ಮಾಡಬ್ಯಾಡ್ರಿ.

ವೈಟ್‌ಫೀಲ್ಡ್: ದಿನಾ ಲೊಕೇಶನ್ ಕೊಡ್ತೀರಿ, ಕ್ಯಾನ್ಸರ್‌ಗೆ ಕೊಡಲ್ವಾ?

ಧಾರವಾಡ: ನಿನಗ ಕೇಳಿಲ್ಲ ತಮ್ಮಾ.

ಮೇಡಂ: ಅನುಮಾನ ಸರಿಯಾದದ್ದೇ. ಸಹಿ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿ: ಹೆಸರು ತೆಗೀತೀರಾ, ಯಾರಿಗೆ ಕೊಡ್ತೀರಾ, ನಾನು ಆಮೇಲೆ ಬೇಡ ಅನ್ನಬಹುದಾ. ಸರಿ ಉತ್ತರ ಸಿಗದಿದ್ದರೆ ಕೊಡಬೇಡಿ. ಆದರೆ ಎಲ್ಲರೂ ಬೇಡ ಅಂದರೆ ಹಾಸನದ ಈ ತಂಗಿಗೆ ಇನ್ನು 20 ವರ್ಷ ಆದಮೇಲೂ ನಾನು ಗೊತ್ತಿಲ್ಲ ಅಂತಲೇ ಹೇಳಬೇಕಾಗುತ್ತೆ. ಕಿದ್ವಾಯಿ ಆಸ್ಪತ್ರೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೀತಿದೆ. ಬೆಂಗಳೂರಲ್ಲಿ ಯಾವ ಕ್ಯಾನ್ಸರ್ ಏರುತ್ತಿದೆ ಅಂತ ತಿಳಿಯುವುದು ಆ ಲೆಕ್ಕದಿಂದ.

ಮಂಡ್ಯ: *ಫಾರ್ವರ್ಡ್ ಆಗಿದೆ:* ಬಿಸಿನೀರಿಗೆ ಅಡಿಗೆ ಸೋಡ ನಿಂಬೆಹಣ್ಣು...

ಮೇಡಂ: ದಯವಿಟ್ಟು ನಿಲ್ಲಿಸಿ. ಇಲ್ಲಿ ಕೀಮೋ ತಗೊಳ್ತಿರುವವರ ಮನೆಯವರು ಓದ್ತಿದ್ದಾರೆ.

ಮಂಡ್ಯ: ಒಳ್ಳೇದಕ್ಕೆ ಹಾಕಿದ್ದು. ಓದಿದವರಿಗೆ ಅಹಂಕಾರ.

ಅಡ್ಮಿನ್: ಮಂಡ್ಯದವರೇ, ಇನ್ನೊಂದು ಬಂದರೆ ತೆಗೆದುಹಾಕ್ತೀನಿ.

ರಾಯಚೂರು: ನಮ್ಮ ಜಿಲ್ಲೆಯೊಳಗ ಈ ಜೀನ್ ಟೆಸ್ಟ್ ಎಲ್ಲಿ ಮಾಡ್ತಾರ್ರಿ? ಎಷ್ಟು ಖರ್ಚು?

ದಾವಣಗೆರೆ: ಮೇಡಂ, ಮಗನ ಕೋರ್ಸ್ ಬಗ್ಗೆ ಕೇಳಿದ್ದೆ.

ಹಾಸನ: ಮೇಡಂ, ಇಲ್ಲಿ ಜೆನೆಟಿಕ್ ಕೌನ್ಸಿಲರ್ ಯಾರೂ ಇಲ್ಲ ಅಂತಾರೆ. ಸರ್ಜನ್‌ಗೆ ಏನು ಹೇಳ್ಲಿ?

ಮೇಡಂ: ಅಕ್ಕನ ಕ್ಯಾನ್ಸರ್ ಡಾಕ್ಟರ್‌ಗೇ ಹೇಳಿ, ಕೌನ್ಸಿಲರ್‌ಗೆ ಬರೆದುಕೊಡಲಿ. ವಿಡಿಯೋ ಕಾಲ್‌ನಲ್ಲೂ ಮಾತಾಡಬಹುದು. ಸರ್ಜನ್ ಹತ್ತಿರ ಹೋಗುವುದು ಅದಾದ ಮೇಲೆ. ಆಗ ಭಾವನನ್ನೂ ಕರ್ಕೊಂಡು ಹೋಗಿ, ಆ್ಯಪ್ ಹೇಳಿದ್ದನ್ನು ಅವರೇ ಡಾಕ್ಟರ್ ಎದುರು ಕೇಳಲಿ.