ಏಳನೇ ತರಗತಿಯ ಮಕ್ಕಳು ವ್ಯಂಗ್ಯದ ಬಗೆಗಳನ್ನು ಗುರುತಿಸುವಲ್ಲಿ ಎಡವುತ್ತಿದ್ದಾರೆ: ಪರಿಹಾರ ತಿಳಿಸಿ

ಪ್ರಶ್ನೆ | ಕನ್ನಡ ಶಿಕ್ಷಕಿ, ಗದಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ಮತ್ತು ಏಳನೇ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಮಾತಿನ ವ್ಯಂಗ್ಯ, ಸನ್ನಿವೇಶದ ವ್ಯಂಗ್ಯ, ನಾಟಕೀಯ ವ್ಯಂಗ್ಯ ಎಂಬ ಮೂರು ಬಗೆಗಳ ಲಕ್ಷಣಗಳನ್ನು ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಆದರೆ ಹಿಂದೆ ಓದಿರದ ಕಥೆಯೊಂದನ್ನು ಕೊಟ್ಟು, ಇಲ್ಲಿರುವ ವ್ಯಂಗ್ಯ ಯಾವ ಬಗೆಯದು ಎಂದು ಕೇಳಿದ ಕೂಡಲೇ ಎಲ್ಲವೂ ಕಲಸಿಹೋಗುತ್ತದೆ.

ದುಃಖದ ಅಥವಾ ಅಚ್ಚರಿಯ ಘಟನೆ ಯಾವುದೇ ಇರಲಿ, ಅದನ್ನು ಸನ್ನಿವೇಶದ ವ್ಯಂಗ್ಯ ಎಂದು ಬರೆದುಬಿಡುತ್ತಾರೆ. ಕ್ರೀಡಾಕೂಟದ ದಿನವೇ ಮಳೆ ಬಂತು ಎಂಬುದು ಹಲವರ ಉತ್ತರಪತ್ರಿಕೆಯಲ್ಲಿದ್ದ ಉದಾಹರಣೆ. ನಾಟಕೀಯ ವ್ಯಂಗ್ಯಕ್ಕೂ ಸನ್ನಿವೇಶದ ವ್ಯಂಗ್ಯಕ್ಕೂ ಇರುವ ಗಡಿ ಅವರಿಗೆ ಕಾಣುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದಿರುವುದು ಮಾತಿನ ವ್ಯಂಗ್ಯದ ವಿಷಯ. ಕೈಯಲ್ಲಿದ್ದ ತತ್ರಾಣಿಯನ್ನು (ನೀರಿನ ಮಣ್ಣಿನ ಪಾತ್ರೆ) ಒಡೆದುಕೊಂಡು ಬಂದಾಗ ಅಜ್ಜಿ “ಭಾರೀ ಶ್ಯಾಣ್ಯಾ ಇದ್ದೀ ಬಿಡಪಾ” ಎಂದರೆ ಅದು ಹೊಗಳಿಕೆಯಲ್ಲ ಎಂದು ಈ ಮಕ್ಕಳಿಗೆ ಆ ಕ್ಷಣದಲ್ಲೇ ತಿಳಿಯುತ್ತದೆ. ಅದೇ ಮಾತು ಪುಸ್ತಕದಲ್ಲಿ ಅಚ್ಚಾಗಿದ್ದರೆ ಅಜ್ಜಿ ಮೊಮ್ಮಗನನ್ನು ಮೆಚ್ಚಿಕೊಂಡಳು ಎಂದು ಬರೆಯುತ್ತಾರೆ. ಅನುಭವಿಗಳು ದಾರಿ ತೋರಿಸಬೇಕೆಂದು ವಿನಂತಿ.

ಉತ್ತರ | ನಿವೃತ್ತ ಶಿಕ್ಷಕ, ಧಾರವಾಡ

ಮೇಡಂ ಅವರಿಗೆ ನಮಸ್ಕಾರ. ಲಕ್ಷಣಗಳನ್ನು ಸ್ವಲ್ಪ ದಿನ ಬದಿಗಿಡಿ. ಬಗೆಯ ಹೆಸರನ್ನು ಮೊದಲು ಕೇಳಿದರೆ ಮಗು ಮೂರು ಹೆಸರುಗಳಲ್ಲಿ ಒಂದನ್ನು ಊಹಿಸಿ ಬರೆಯುತ್ತದೆ. ಅದಕ್ಕೆ ಬದಲಾಗಿ, ಈ ಕ್ಷಣದಲ್ಲಿ ಯಾರಿಗೆ ಏನು ಗೊತ್ತಿದೆ, ಯಾರಿಗೆ ಗೊತ್ತಿಲ್ಲ ಎಂದು ಕೇಳಿ. ಆಡುವವನು ತನ್ನ ಮಾತಿನ ಮೇಲರ್ಥ ಬೇರೆ, ಒಳ ಅರ್ಥ ಬೇರೆ ಎಂದು ತಿಳಿದೇ ಆಡುತ್ತಿದ್ದು, ಕೇಳುವವನಿಗೂ ಅದು ತಿಳಿಯಲಿ ಎಂದು ಬಯಸಿದರೆ ಅದು ಮಾತಿನ ವ್ಯಂಗ್ಯ. ಓದುಗನಿಗೆ ಗೊತ್ತಿರುವ ಸಂಗತಿ ಪಾತ್ರಕ್ಕೆ ಗೊತ್ತಿಲ್ಲದಿದ್ದರೆ ನಾಟಕೀಯ ವ್ಯಂಗ್ಯ. ಪಾತ್ರದ ನಿರೀಕ್ಷೆಯೋ ಪ್ರಯತ್ನವೋ ತಿರುಗಿಬಿದ್ದು, ಅದಕ್ಕೆ ನೇರ ವಿರುದ್ಧವಾದ ಫಲವೇ ಕೈಗೆ ಬಂದರೆ ಸನ್ನಿವೇಶದ ವ್ಯಂಗ್ಯ.

ಇದಕ್ಕೆ ನಾನು ವರ್ಷಗಳ ಕಾಲ ಬಳಸಿದ ಕಥೆ ವಿರಾಟಪರ್ವದ ಉತ್ತರಕುಮಾರನದು. ಕುಮಾರವ್ಯಾಸ ನಮ್ಮ ಹುಬ್ಬಳ್ಳಿ ಸಮೀಪದ ಕೋಳಿವಾಡದವನು, ಅವನು ಕಾವ್ಯವನ್ನು ರಚಿಸಿದ್ದು ನಿಮ್ಮ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಎಂದು ಹೇಳಿದರೆ ಮಕ್ಕಳ ಕಿವಿ ಇನ್ನಷ್ಟು ನೆಟ್ಟಗಾಗುತ್ತದೆ. ಕೌರವರು ದನಗಳನ್ನು ಹಿಡಿದರೆಂದು ಗೋವಳ ಬಂದು ದೂರುತ್ತಾನೆ. ಅಂತಃಪುರದ ಹೆಂಗಸರ ನಡುವೆ ಕುಳಿತ ಉತ್ತರಕುಮಾರ, ತಕ್ಕ ಸಾರಥಿಯೊಬ್ಬ ಇದ್ದಿದ್ದರೆ ಕೌರವ ಸೇನೆಯನ್ನೇ ಅಳಿಸಿಬಿಡುತ್ತಿದ್ದೆ ಎಂದು ಕೊಚ್ಚಿಕೊಳ್ಳುತ್ತಾನೆ. ಅದೇ ಅರಮನೆಯಲ್ಲಿ ನಾಟ್ಯ ಕಲಿಸಿಕೊಂಡಿರುವ ಬೃಹನ್ನಳೆಯೇ ಅರ್ಜುನ ಎಂಬುದು ನಮಗೆ ಗೊತ್ತು, ಸೈರಂಧ್ರಿಯ ವೇಷದ ದ್ರೌಪದಿಗೂ ಗೊತ್ತು. ಕೊಚ್ಚಿಕೊಳ್ಳುವವನಿಗೆ ಮಾತ್ರ ಗೊತ್ತಿಲ್ಲ. ಕಥೆಯನ್ನು ಇಲ್ಲಿಗೇ ನಿಲ್ಲಿಸಿ, ಯಾರಿಗೆ ಏನು ಗೊತ್ತು ಎಂದು ಕರಿಹಲಗೆಯ ಮೇಲೆ ಬರೆಸಿ. ನಾಟಕೀಯ ವ್ಯಂಗ್ಯ ಎಂಬ ಹೆಸರನ್ನು ನೀವು ಉಚ್ಚರಿಸುವ ಮೊದಲೇ ಮಕ್ಕಳು ಅದರ ಸ್ವಾರಸ್ಯವನ್ನು ಸವಿದಿರುತ್ತಾರೆ.

ಬಳಿಕ ಮುಂದುವರಿಸಿ. ಉತ್ತರಕುಮಾರನಿಗೆ ಸಾರಥಿಯಾಗಿ ಹೊರಟ ಬೃಹನ್ನಳೆ ಕವಚವನ್ನು ತೊಡಲು ಬಾರದವಳಂತೆ ನಟಿಸಿದಾಗ ಅಲ್ಲಿದ್ದ ಹುಡುಗಿಯರು ನಗುತ್ತಾರೆ. ರಣರಂಗದಲ್ಲಿ ಕೌರವರ ಸೇನಾಸಾಗರವನ್ನು ಕಂಡ ಉತ್ತರಕುಮಾರ ರಥದಿಂದ ಧುಮುಕಿ ಓಡುತ್ತಾನೆ. ಸಾರಥಿಯಾಗಿ ಬಂದವನು ಅವನನ್ನು ಬೆನ್ನಟ್ಟಿ ಹಿಡಿದು ತಂದು, ಬನ್ನಿಮರದ ಮೇಲೆ ಬಚ್ಚಿಟ್ಟ ಆಯುಧಗಳನ್ನು ಇಳಿಸಿಕೊಂಡು ಯುದ್ಧಕ್ಕೆ ನಿಲ್ಲುತ್ತಾನೆ. ಸಾರಥಿಯಿಲ್ಲ ಎಂದು ಕೊರಗಿದ ರಾಜಕುಮಾರನೇ ಸಾರಥಿಯಾಗುತ್ತಾನೆ. ಈ ಅದಲುಬದಲು ಸನ್ನಿವೇಶದ ವ್ಯಂಗ್ಯ, ಏಕೆಂದರೆ ಅದು ಎಲ್ಲಿಂದಲೋ ಬಂದು ಬಿದ್ದದ್ದಲ್ಲ, ಅವನ ಜಂಬದ ಮಾತೇ ಅವನನ್ನು ಅಲ್ಲಿಗೆ ಎಳೆದು ತಂದಿದೆ. ಇನ್ನು ಉಳಿದದ್ದು ಮಾತಿನ ವ್ಯಂಗ್ಯ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆ ಹುಟ್ಟಿದ್ದೇ ಈ ಕಥೆಯಿಂದ. ಕತ್ತಲಲ್ಲಿ ಹಿತ್ತಲಿಗೆ ಹೋಗಲು ಹೆದರುವ ಹುಡುಗನಿಗೆ ಅಕ್ಕ “ಬಂದ ನೋಡವ್ವಾ ನಮ್ಮ ಉತ್ತರಕುಮಾರ” ಎಂದರೆ ಅವಳು ಅವನನ್ನು ವೀರನೆಂದು ಕರೆಯುತ್ತಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ಕ್ರೀಡಾಕೂಟದ ಮಳೆಯ ವಿಷಯ ಹೇಳುವುದಾದರೆ, ಅದು ಕೇವಲ ಅಡಚಣೆ. ಮಳೆಗಾಗಿ ಗುರ್ಚಿಯೆಂಬ ಮಳೆದೇವರನ್ನು ಹೊತ್ತು ಮನೆಮನೆ ತಿರುಗಿ ನೀರು ಹಾಕಿಸಿಕೊಂಡವನ ಮಣ್ಣಿನ ಮಾಳಿಗೆಯೇ ಅವನು ಬೇಡಿದ ಮಳೆಗೆ ಕುಸಿದರೆ ಅದು ಸನ್ನಿವೇಶದ ವ್ಯಂಗ್ಯ. ಎರಡರಲ್ಲೂ ಮಳೆಯಿದೆ, ಎರಡರಲ್ಲೂ ನಷ್ಟವಿದೆ. ಬಯಕೆಗೂ ಫಲಕ್ಕೂ ನಡುವಿನ ಗಂಟು ಎರಡನೆಯದರಲ್ಲಿ ಮಾತ್ರ ಇದೆ. ಆ ಗಂಟನ್ನು ತೋರಿಸು ಎಂದು ಮಗುವನ್ನು ಕೇಳಿ. ತೋರಿಸಲಾಗದಿದ್ದರೆ ಅದು ವ್ಯಂಗ್ಯವಲ್ಲ.

ಅಚ್ಚಿನಲ್ಲಿ ಮಾತಿನ ವ್ಯಂಗ್ಯ ಕಾಣದಿರುವುದಕ್ಕೆ ಕಾರಣ ಸರಳವಾದದ್ದು. ಅಜ್ಜಿಯ ದನಿಯ ಎಳೆತ, ಹುಬ್ಬು, ಕೈಸನ್ನೆ ಯಾವುದೂ ಕಾಗದದ ಮೇಲಿಲ್ಲ. ಆದ್ದರಿಂದ ಸಂಶಯ ಬಂದ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ: ಒಮ್ಮೆ ನಿಜವಾಗಿ ಮೆಚ್ಚಿದವರ ದನಿಯಲ್ಲಿ, ಇನ್ನೊಮ್ಮೆ ಚುಚ್ಚುವವರ ದನಿಯಲ್ಲಿ. ಅನಂತರ ಆ ವಾಕ್ಯದ ಹಿಂದಿನ ಮತ್ತು ಮುಂದಿನ ಸಾಲುಗಳಿಗೆ ಯಾವ ದನಿ ಹೊಂದುತ್ತದೆ ಎಂದು ನೋಡಲು ಹೇಳಿ. ತತ್ರಾಣಿ ಒಡೆದ ಸಾಲು ಹಿಂದೆಯೇ ಇದ್ದರೆ ಮೆಚ್ಚುಗೆಯ ದನಿ ಅಲ್ಲಿ ನಿಲ್ಲುವುದಿಲ್ಲ. ಇದನ್ನು ಮೌನವಾಗಿ ಓದಿಸಿ ಕಲಿಸಲು ಹೋಗಬೇಡಿ.

ಉತ್ತರ | ಪ್ರೌಢಶಾಲಾ ಶಿಕ್ಷಕ, ಹಾವೇರಿ

ಗುರುಗಳು ಹೇಳಿದ್ದಕ್ಕೆ ಪೂರಕವಾಗಿ ಒಂದು ಎಚ್ಚರಿಕೆ. ನಮ್ಮ ಭಾಗದ ಮಕ್ಕಳಿಗೆ ಶಿಶುನಾಳ ಶರೀಫರ ಪದಗಳು ಬಾಯಿಗೆ ಬರುತ್ತವೆ. ಹಾಗಾಗಿ “ಕೋಡಗನ ಕೋಳಿ ನುಂಗಿತ್ತಾ” ಎಂಬುದನ್ನು ಸನ್ನಿವೇಶದ ವ್ಯಂಗ್ಯಕ್ಕೆ ಉದಾಹರಣೆಯಾಗಿ ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಅದು ಬೆಡಗು, ಅಂದರೆ ಒಗಟಿನಂತೆ ಗೂಢಾರ್ಥವನ್ನು ಅಡಗಿಸಿ ಹೇಳುವ ಪದ. ಅಲ್ಲಿ ಲೋಕದ ಕ್ರಮ ತಲೆಕೆಳಗಾಗಿದೆ ನಿಜ, ಆದರೆ ಯಾರೂ ಏನನ್ನೋ ಬಯಸಿ ಅದಕ್ಕೆ ವಿರುದ್ಧವಾದುದನ್ನು ಪಡೆದಿಲ್ಲ. ತಲೆಕೆಳಗಾದ ಚಿತ್ರದ ಹಿಂದೆ ಅನುಭಾವದ ಅರ್ಥವೊಂದು ಅಡಗಿದೆ. ಆ ಪದವನ್ನು ವ್ಯಂಗ್ಯದ ಪೆಟ್ಟಿಗೆಗೆ ಹಾಕಿದರೆ ಪದವೂ ಕೆಡುತ್ತದೆ, ವ್ಯಂಗ್ಯದ ತಿಳಿವಳಿಕೆಯೂ ಕೆಡುತ್ತದೆ.

ಸನ್ನಿವೇಶದ ವ್ಯಂಗ್ಯಕ್ಕೆ ನಮ್ಮ ಜಿಲ್ಲೆಯ ಬಾಡದ ಕನಕದಾಸರ ರಾಮಧಾನ್ಯಚರಿತೆ ಬಹಳ ಚೆನ್ನಾಗಿ ಒದಗುತ್ತದೆ. ತಾನೇ ಶ್ರೇಷ್ಠ ಎಂದು ಬೀಗಿದ ಭತ್ತವನ್ನೂ ಅದು ಹೀಯಾಳಿಸಿದ ರಾಗಿಯನ್ನೂ ರಾಮ ಆರು ತಿಂಗಳು ಸೆರೆಯಲ್ಲಿ ಇರಿಸುತ್ತಾನೆ. ಹೊರತೆಗೆದಾಗ ಭತ್ತ ಸಾರಗೆಟ್ಟಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ಯಾವುದನ್ನು ಕೀಳೆಂದು ಜರೆಯಲಾಯಿತೋ ಅದಕ್ಕೇ ರಾಮನ ಹೆಸರಿನ ಗೌರವ ಸಿಗುತ್ತದೆ. ಏಳನೇ ತರಗತಿಯವರಿಗೆ ಕಥೆಯನ್ನು ಗದ್ಯದಲ್ಲಿ ಹೇಳಿದರೂ ಸಾಕು.

ಮರುಪ್ರಶ್ನೆ | ಕನ್ನಡ ಶಿಕ್ಷಕಿ, ಗದಗ ಜಿಲ್ಲೆ

ಇಬ್ಬರಿಗೂ ಧನ್ಯವಾದಗಳು. ಎರಡು ದನಿಗಳಲ್ಲಿ ಓದಿಸುವ ಕ್ರಮ ತರಗತಿಯಲ್ಲಿ ತಕ್ಷಣವೇ ಫಲ ಕೊಟ್ಟಿತು. ಹಿಂದಿನ ಸಾಲನ್ನು ಮತ್ತೆ ನೋಡಬೇಕೆಂಬ ಅಭ್ಯಾಸ ಅದರಿಂದಲೇ ಬಂತು. ಉತ್ತರಕುಮಾರನ ಕಥೆಯನ್ನು ಕೊನೆಯವರೆಗೂ ಹೇಳಿದಾಗ ಒಬ್ಬ ವಿದ್ಯಾರ್ಥಿನಿ ಎತ್ತಿದ ಪ್ರಶ್ನೆಯನ್ನು ಇಲ್ಲಿ ಇಡುತ್ತಿದ್ದೇನೆ. ಮಗ ಗೆದ್ದನೆಂದು ವಿರಾಟರಾಜ ಪಗಡೆಯಾಡುತ್ತಾ ಹಿಗ್ಗುತ್ತಿರುವಾಗ, ಕಂಕನ ವೇಷದ ಧರ್ಮರಾಯ, ಬೃಹನ್ನಳೆ ಸಾರಥಿಯಾಗಿರುವಾಗ ಗೆಲ್ಲದೆ ಇರುವುದುಂಟೇ ಎನ್ನುತ್ತಾನೆ. ಅದು ಮಗನಿಗಾದ ಅವಮಾನವೆಂದು ಸಿಟ್ಟಿಗೆದ್ದ ರಾಜ ದಾಳದಿಂದ ಅವನ ಮುಖಕ್ಕೆ ಹೊಡೆಯುತ್ತಾನೆ. ಕಂಕನ ಮಾತು ಮಾತಿನ ವ್ಯಂಗ್ಯವಲ್ಲವೇ ಎಂದು ಆಕೆ ಕೇಳಿದಳು. ತರಗತಿ ಎರಡು ಪಾಲಾಯಿತು.

ಉತ್ತರ | ನಿವೃತ್ತ ಶಿಕ್ಷಕ, ಧಾರವಾಡ

ಆ ಮಗುವಿಗೆ ನನ್ನ ಅಭಿನಂದನೆಗಳನ್ನು ತಿಳಿಸಿ. ದೊಡ್ಡವರೂ ತಡೆದು ಯೋಚಿಸಬೇಕಾದ ಜಾಗ ಅದು. ಕಂಕ ಆಡಿದ್ದು ಅಕ್ಷರಶಃ ಸತ್ಯ. ಅವನ ಮನಸ್ಸಿನಲ್ಲಿ ಬೇರೆ ಅರ್ಥವಿಲ್ಲ, ಹೇಳಿದ್ದನ್ನೇ ಅವನು ನಂಬಿದ್ದಾನೆ. ಆದ್ದರಿಂದ ಅದು ಮಾತಿನ ವ್ಯಂಗ್ಯವಲ್ಲ. ಬೃಹನ್ನಳೆ ಯಾರೆಂದು ತಿಳಿಯದ ರಾಜನ ಕಿವಿಗೆ ಮಾತ್ರ ಆ ಸತ್ಯ ಕುಚೋದ್ಯದಂತೆ ಕೇಳಿಸುತ್ತದೆ. ನಮಗೆ ಗೊತ್ತಿದೆ, ಪಾತ್ರಕ್ಕೆ ಗೊತ್ತಿಲ್ಲ ಎಂಬ ಅದೇ ಅಳತೆ ಇಲ್ಲಿಯೂ ಕೂಡುತ್ತದೆ. ಹಾಗಾಗಿ ಇದು ನಾಟಕೀಯ ವ್ಯಂಗ್ಯ. ತನಗೆ ಆಶ್ರಯ ಬೇಡಿ ಬಂದ ಬಡಪಾಯಿ ಎಂದು ರಾಜ ಹೊಡೆದದ್ದು ರಾಜಸೂಯ ಮಾಡಿದ ಚಕ್ರವರ್ತಿಯನ್ನು ಎಂಬುದೂ ಇದೇ ಬಗೆಗೆ ಸೇರುತ್ತದೆ. ಬೃಹನ್ನಳೆಯ ಕವಚದ ನಟನೆಯನ್ನೂ ಹೀಗೆಯೇ ಪರೀಕ್ಷಿಸಿ: ನೋಡುತ್ತಿರುವವರಿಗೆ ಒಳಗುಟ್ಟು ತಿಳಿಯಬಾರದೆಂದೇ ಆ ನಟನೆ, ಆದ್ದರಿಂದ ಅದೂ ನಾಟಕೀಯ ವ್ಯಂಗ್ಯವೇ.

ಅಂಕ ಕೊಡುವಾಗ ಒಂದು ವಿನಂತಿ. ಕಂಕನ ಮಾತನ್ನು ಮಾತಿನ ವ್ಯಂಗ್ಯ ಎಂದು ಬರೆದ ಮಗು, ಯಾರಿಗೆ ಏನು ಗೊತ್ತಿತ್ತು ಎಂಬುದನ್ನು ಸರಿಯಾಗಿ ವಿವರಿಸಿದ್ದರೆ ಹೆಚ್ಚಿನ ಅಂಕವನ್ನು ಆ ವಿವರಣೆಗೆ ಕೊಡಿ, ಬಗೆಯ ಹೆಸರಿಗೆ ಒಂದು ಅಂಕವನ್ನಷ್ಟೇ ಮೀಸಲಿಡಿ. ಬರಿಯ ಹೆಸರನ್ನು ಸರಿಯಾಗಿ ಬರೆದು ಕಾರಣ ಕೊಡದ ಉತ್ತರಕ್ಕೂ ಆ ಒಂದೇ ಅಂಕ ಸಾಕು.