ಹಳೇಪೇಟೆ ಮನೆ ಗುಂಪಿನಲ್ಲಿ ಭಾನುವಾರ

ಮಹೇಶ ಚಿಕ್ಕಪ್ಪ: [ಫಾರ್ವರ್ಡ್ ಆದ ಸಂದೇಶ] ಎಚ್ಚರ! ನಿಮ್ಮ ದೇಹದ ಜೀನ್‌ಗಳಿಗೆ ಅಮೆರಿಕದ ಕಂಪನಿಗಳು ಪೇಟೆಂಟ್ ಮಾಡಿಸಿಕೊಂಡಿವೆ. ಜೀನ್ ಪರೀಕ್ಷೆಗೆ ರಕ್ತ ಕೊಟ್ಟರೆ ನಿಮ್ಮ ವಂಶವೇ ಅವರ ಆಸ್ತಿ. ಹತ್ತು ಜನರಿಗೆ ತಿಳಿಸಿ.

ಮಹೇಶ ಚಿಕ್ಕಪ್ಪ: ಎಲ್ಲರೂ ಓದಿ. ಕ್ಯಾನ್ಸರ್ ಬಂದ ಸರೋಜಕ್ಕನಿಗೆ ಡಾಕ್ಟರು ಬರೆದುಕೊಟ್ಟಿರುವುದು ಇದೇ ಪರೀಕ್ಷೆ. ಬೇಡ ಎನ್ನುವುದು ನನ್ನ ಅಭಿಪ್ರಾಯ.

ರೇಖಾ: ಚಿಕ್ಕಪ್ಪ, ಇದು ಒಂದು ಕಾಲಕ್ಕೆ ಅರ್ಧ ನಿಜವಾಗಿತ್ತು, ಅದಕ್ಕೇ ನಂಬುವ ಹಾಗಿದೆ. ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪನಿ ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳ ಮೇಲೆ ಅಮೆರಿಕದಲ್ಲಿ ಪೇಟೆಂಟ್ ಇಟ್ಟುಕೊಂಡಿತ್ತು. ಆ ಜೀನ್‌ಗಳಲ್ಲಿ ದೋಷವಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಂಭವ ಬಹಳ ಹೆಚ್ಚು. ಆಗ ಆ ಕಂಪನಿಯ ಪರೀಕ್ಷೆಗೆ 3,000 ಡಾಲರಿಗೂ ಮೇಲೆ ಬೆಲೆ ಇತ್ತು. ಸ್ತನ, ಅಂಡಾಶಯ ತೆಗೆಸುವ ಆಪರೇಷನ್ನಿಗೆ ಒಪ್ಪುವ ಮೊದಲು ಇನ್ನೊಂದು ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳೋಣ ಎಂದರೆ ಬೇರೆ ಲ್ಯಾಬುಗಳು ಆ ಜೀನನ್ನು ಓದಿ ವರದಿ ಕೊಡುವಂತೆಯೇ ಇರಲಿಲ್ಲ. 2009ರಲ್ಲಿ ವೈದ್ಯರು, ಸಂಶೋಧಕರು, ರೋಗಿಗಳು ಸೇರಿ ಮೊಕದ್ದಮೆ ಹೂಡಿದರು. 2013ರ ಜೂನ್ 13ರಂದು ಅಲ್ಲಿನ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು: ಪ್ರಕೃತಿಯಲ್ಲಿ ಇರುವ ಜೀನನ್ನು ದೇಹದಿಂದ ಬೇರ್ಪಡಿಸಿದ ಮಾತ್ರಕ್ಕೆ ಅದು ಆವಿಷ್ಕಾರವಾಗುವುದಿಲ್ಲ. ಈ ಸಂದೇಶ ಬರೆದವರು ಆ ತೀರ್ಪನ್ನೇ ಬಿಟ್ಟಿದ್ದಾರೆ.

ಮಹೇಶ ಚಿಕ್ಕಪ್ಪ: ಅಮೆರಿಕದ ಕೋರ್ಟು ಅಮೆರಿಕಕ್ಕೆ. ನಮ್ಮ ಅಡುಗೆಮನೆಯ ಅರಿಶಿನಕ್ಕೇ ಪೇಟೆಂಟ್ ಕೊಟ್ಟವರು ಅವರು.

ರೇಖಾ: ಕೊಟ್ಟಿದ್ದರು, 1995ರಲ್ಲಿ, ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ. ನಮ್ಮ ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟು 1997ರಲ್ಲಿ ರದ್ದು ಮಾಡಿಸಿತು. ಜೀನಿಗೂ ನಮ್ಮಲ್ಲಿ ಕಾನೂನು ಇದೆ. 1970ರ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್, ಪ್ರಕೃತಿಯಲ್ಲಿ ಇರುವ ವಸ್ತುವನ್ನು ಕಂಡುಹಿಡಿದರೆ ಅದು ಆವಿಷ್ಕಾರವಲ್ಲ ಎನ್ನುತ್ತದೆ.

ಕಿರಣ: ರೇಖಕ್ಕ, ಎಲ್ಲ ಸರಿ. ಆದರೆ ಪೇಟೆಂಟ್ ಬೇಡವೇ ಬೇಡ ಎಂದರೆ ಸಂಶೋಧನೆಗೆ ಹಣ ಹಾಕುವವರು ಯಾರು? ಅಮ್ಮನ ಕ್ಯಾನ್ಸರಿಗೆ ಕೊಟ್ಟ ಔಷಧಿಯ ಹಿಂದೆಯೂ ಯಾವುದೋ ಕಂಪನಿಯ ಬಂಡವಾಳ ಇದೆ. ಮಾವ, ನಿಮ್ಮ ಅಂಗಡಿಯ ಮೆಕ್ಕೆಜೋಳವನ್ನೇ ನೋಡಿ. ಪೇಟೆಂಟ್ ಇರುವುದರಿಂದಲೇ ರೈತರು ವರ್ಷ ವರ್ಷ ಬೀಜ ಕೊಳ್ಳುತ್ತಾರೆ, ಆ ಹಣದಿಂದಲೇ ಹೊಸ ತಳಿ ಬರುತ್ತದೆ.

ಮಹೇಶ ಚಿಕ್ಕಪ್ಪ: ತಪ್ಪು ಕಿರಣ. ಮೂವತ್ತು ವರ್ಷದಿಂದ ದಾವಣಗೆರೆಯಲ್ಲಿ ಬೀಜ ಮಾರುತ್ತಿದ್ದೇನೆ. ಹೈಬ್ರಿಡ್ ಬೆಳೆಯ ಕಾಳನ್ನೇ ಮರುವರ್ಷ ಬಿತ್ತಿದರೆ ಒಂದು ಗಿಡ ಎದೆಯುದ್ದ, ಪಕ್ಕದ್ದು ಮೊಣಕಾಲುದ್ದ ಬರುತ್ತದೆ, ಇಳುವರಿ ಕುಸಿಯುತ್ತದೆ. ಅದಕ್ಕಾಗಿ ಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಬೀಜಕ್ಕೆ ಪೇಟೆಂಟ್ ಇಲ್ಲ. ಸಸ್ಯ ತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯ್ದೆಯ ಪ್ರಕಾರ ರೈತ ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಇನ್ನೊಬ್ಬರಿಗೆ ಕೊಡಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ರೇಖಾ: ಚಿಕ್ಕಪ್ಪ, ನಿಮ್ಮ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಎರಡು ತಳಿ ಕೂಡಿಸಿ ಹೊಸದೊಂದನ್ನು ಬೆಳೆಸಿದವನ ದುಡಿಮೆಗೆ ಬೆಲೆ ಇರಲಿ. ಆದರೆ ಒಬ್ಬ ನಿಮ್ಮ ಹೊಲಕ್ಕೆ ಬಂದು, ಈ ತೆನೆಗೆ ಹುಳ ಬಿದ್ದಿದೆ, ಮೊದಲು ಕಂಡವನು ನಾನು, ಇನ್ನು ಮುಂದೆ ಬೇರೆ ಯಾರೂ ಇದರ ಸಿಪ್ಪೆ ಸುಲಿದು ನೋಡಬಾರದು ಎಂದರೆ ಒಪ್ಪುತ್ತೀರಾ? ಆ ಪೇಟೆಂಟ್ ಮಾಡಿದ್ದು ಅದನ್ನೇ. ಕಿರಣ, ಕೋರ್ಟು ನಿನ್ನ ವಾದವನ್ನೂ ತಳ್ಳಿಹಾಕಲಿಲ್ಲ. ಲ್ಯಾಬಿನಲ್ಲಿ ತಯಾರಿಸಿದ ಸಿಡಿಎನ್‌ಎಗೆ, ಅಂದರೆ ಜೀನಿನ ಬೇಕಾದ ಭಾಗಗಳಷ್ಟೇ ಇರುವಂತೆ ಮಾಡಿದ ಡಿಎನ್‌ಎಗೆ, ಪೇಟೆಂಟ್ ಸಿಗಬಹುದು ಎಂದು ಹೇಳಿತು. ಹಣದ ಮಾತಿಗೆ ಬಂದರೆ, ಬಿಆರ್‌ಸಿಎ1 ಹದಿನೇಳನೇ ಕ್ರೋಮೋಸೋಮಿನಲ್ಲಿದೆ ಎಂದು 1990ರಲ್ಲಿ ತೋರಿಸಿದವರು ಮೇರಿ ಕ್ಲೇರ್ ಕಿಂಗ್, ಅಮೆರಿಕದ ಬರ್ಕ್ಲಿಯ ಸರ್ಕಾರಿ ವಿಶ್ವವಿದ್ಯಾಲಯದವರು, ಕಂಪನಿಯವರಲ್ಲ. ಆ ದಾರಿ ಹಿಡಿದು ಹಲವು ತಂಡಗಳು ಹೊರಟವು. 1994ರಲ್ಲಿ ಮಿರಿಯಡ್ ತಂಡ ಮೊದಲು ಮುಟ್ಟಿತು. ಮೊದಲು ಮುಟ್ಟಿದವರಿಗೆ ಗೌರವ ಸಲ್ಲಲಿ, ಬೇರೆಯವರ ಬಾಗಿಲಿಗೆ ಬೀಗ ಹಾಕುವ ಹಕ್ಕು ಎಲ್ಲಿಂದ ಬಂತು?

ಕಿರಣ: ತೀರ್ಪಿನ ನಂತರವೂ ಅದೇ ಕಂಪನಿ ಬೇರೆ ಲ್ಯಾಬುಗಳ ಮೇಲೆ ದಾವೆ ಹಾಕಿತಲ್ಲ?

ರೇಖಾ: ಹಾಕಿತು. ತೀರ್ಪು ಬಂದ ದಿನವೇ ಬೇರೆ ಲ್ಯಾಬುಗಳು ಪರೀಕ್ಷೆ ಶುರು ಮಾಡುವುದಾಗಿ ಪ್ರಕಟಿಸಿದ್ದವು, ಮರುತಿಂಗಳೇ ದಾವೆ ಬಿತ್ತು. 2014ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಕಂಪನಿ ಸೋತಿತು. 2015ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟು, ಅಂದರೆ ಅಲ್ಲಿನ ಅತ್ಯುನ್ನತ ನ್ಯಾಯಾಲಯ, ಕೂಡ ಪೇಟೆಂಟಿನ ವಿರುದ್ಧವೇ ಹೇಳಿತು. ನನಗೆ ಇಂದಿಗೂ ಸಿಟ್ಟು ಇರುವುದು ಬೇರೆ ವಿಷಯಕ್ಕೆ. ಸಾವಿರಾರು ಹೆಂಗಸರ ರಕ್ತದಿಂದ ತಿಳಿದ ಮಾಹಿತಿಯನ್ನು, ಅಂದರೆ ಜೀನಿನ ಯಾವ ಬದಲಾವಣೆ ಅಪಾಯದ್ದು, ಯಾವುದು ಅಲ್ಲ ಎಂಬುದನ್ನು, ಕಂಪನಿ ವರ್ಷಗಟ್ಟಲೆ ತನ್ನ ಬಳಿಯೇ ಇಟ್ಟುಕೊಂಡಿತು. ಅದರ ಅರ್ಥ ಏನೆಂದು ನಾನು ಕಣ್ಣಾರೆ ಕಂಡಿದ್ದೇನೆ. ಜಗಳೂರಿನ ಕಡೆಯ ಒಬ್ಬರು ನಮ್ಮ ಲ್ಯಾಬಿಗೆ ವರದಿ ಹಿಡಿದು ಬಂದಿದ್ದರು. ನಾಲ್ಕು ಮಡಿಕೆಯ ಕಾಗದ, ಮಡಿಕೆಯಲ್ಲಿ ಬೆವರಿಗೆ ಅಕ್ಷರ ಅಳಿಸಿತ್ತು. ಬದಲಾವಣೆ ಇದೆ, ಅದರ ಪರಿಣಾಮ ಖಚಿತವಿಲ್ಲ ಎಂದು ಬರೆದಿತ್ತು. ‘ಹೌದೋ ಅಲ್ಲವೋ, ಅಷ್ಟು ಹೇಳವ್ವ’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಎಲ್ಲ ಲ್ಯಾಬುಗಳ ಮಾಹಿತಿ ಒಂದೆಡೆ ಸೇರಿದಷ್ಟೂ ಅಂಥ ವರದಿಗಳು ಕಡಿಮೆಯಾಗುತ್ತವೆ. ಕ್ಲಿನ್‌ವಾರ್ ಎಂಬ ಮುಕ್ತ ಸಂಗ್ರಹ ಇರುವುದು ಇದಕ್ಕಾಗಿಯೇ.

ಮಹೇಶ ಚಿಕ್ಕಪ್ಪ: ಹಾಗಾದರೆ ನಮ್ಮ ಮನೆಯ ಮಾಹಿತಿಯೂ ಊರೆಲ್ಲ ಸುತ್ತುತ್ತದೆ ಎಂದಾಯಿತು.

ರೇಖಾ: ಆ ಭಯ ನ್ಯಾಯವಾದದ್ದು. ಕ್ಲಿನ್‌ವಾರ್‌ನಲ್ಲಿ ಹೆಸರು, ವಿಳಾಸ ಇರುವುದಿಲ್ಲ. ಆದರೂ ಲ್ಯಾಬಿನವರು ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವನ್ನು ಓದದೆ ಸಹಿ ಮಾಡಬಾರದು. ಉಳಿದ ರಕ್ತ ಏನಾಗುತ್ತದೆ, ವರದಿ ಯಾರ ಕೈಗೆ ಹೋಗುತ್ತದೆ, ಇದನ್ನೆಲ್ಲ ಕೇಳಬೇಕು. ಅತ್ತೆಯ ಪಕ್ಕ ಕುಳಿತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತೇನೆ.

ಗೀತಾ ಚಿಕ್ಕಮ್ಮ: ರೇಖಾ, ನಿಮ್ಮ ಚಿಕ್ಕಪ್ಪನ ಮನಸ್ಸಿನಲ್ಲಿ ಇರುವುದು ಪೂಜಾಳ ಮದುವೆ. ಎರಡು ಕಡೆ ಜಾತಕ ಹೋಗಿದೆ. ಇದು ಹೆಣ್ಣು ಕಡೆಯಿಂದ ಬರುವ ಕಾಯಿಲೆ, ಪೂಜಾಳಿಗೆ ಏನು ಸಂಬಂಧ ಎನ್ನುತ್ತಾರೆ.

ರೇಖಾ: ಚಿಕ್ಕಮ್ಮ, ಅದು ತಪ್ಪು ತಿಳಿವಳಿಕೆ. ಈ ದೋಷ ಗಂಡು ಮಕ್ಕಳಿಗೂ ಬರುತ್ತದೆ, ಅವರಿಂದ ಅವರ ಮಕ್ಕಳಿಗೂ ಹೋಗುತ್ತದೆ. ಅಜ್ಜಿಯಲ್ಲಿ ಇತ್ತು ಎಂದಾದರೆ ಅದು ಅತ್ತೆಗೆ ಬಂದಿರುವ ಸಂಭವ ಎಷ್ಟೋ, ಚಿಕ್ಕಪ್ಪನಿಗೆ, ನಮ್ಮ ಅಪ್ಪನಿಗೆ ಬಂದಿರುವ ಸಂಭವವೂ ಅಷ್ಟೇ: ಎರಡರಲ್ಲಿ ಒಂದು. ನನಗೂ ಇರಬಹುದು. ಕಾಯಿಲೆ ಬಂದವರನ್ನೇ ಮೊದಲು ಪರೀಕ್ಷಿಸುವುದು ಕ್ರಮ. ಅತ್ತೆಯಲ್ಲಿ ದೋಷ ಸಿಕ್ಕಿದರೆ ಉಳಿದವರಲ್ಲಿ ಅದೊಂದೇ ಜಾಗವನ್ನು ನೋಡಿದರೆ ಸಾಕು, ಖರ್ಚೂ ಕಡಿಮೆ. ಅತ್ತೆ ರಕ್ತ ಕೊಡದಿದ್ದರೆ ನಾವೆಲ್ಲ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಸರೋಜತ್ತೆ: ಎಲ್ಲವನ್ನೂ ಓದಿದೆ. ಮಹೇಶ, ನೀನು ಆಗ ಚಿಕ್ಕವನು. ಅವ್ವನಿಗೆ ಹೊಟ್ಟೆ ಉಬ್ಬರ ಎಂದು ಆರು ತಿಂಗಳು ಜೀರಿಗೆ ಕಷಾಯ ಕಾಯಿಸಿ ಕೊಟ್ಟವಳು ನಾನು. ಸೀರೆಯ ನೆರಿಗೆ ನಿಲ್ಲುತ್ತಿಲ್ಲ ಎಂದು ಅವ್ವ ಬೇಜಾರು ಮಾಡಿಕೊಳ್ಳುತ್ತಿದ್ದಳು. ಅಂಡಾಶಯದ್ದು ಎಂದು ತಿಳಿಯುವ ಹೊತ್ತಿಗೆ ಕೈ ಮೀರಿತ್ತು. ಮಂಗಳವಾರ ರಕ್ತ ಕೊಡುತ್ತೇನೆ. ರೇಖಾ, ಎಷ್ಟು ತೆಗೆಯುತ್ತಾರೆ?

ರೇಖಾ: ನೇರಳೆ ಮುಚ್ಚಳದ ಸಣ್ಣ ಟ್ಯೂಬ್, ಅಷ್ಟೇ ಅತ್ತೆ. ತಿಂಡಿ ತಿಂದೇ ಬನ್ನಿ.

ಪೂಜಾ: ಅತ್ತೆ, ನಾನೂ ಜೊತೆಗೆ ಬರುತ್ತೇನೆ.

[ಈ ಸಂದೇಶವನ್ನು ಅಳಿಸಲಾಗಿದೆ]

ಮಹೇಶ ಚಿಕ್ಕಪ್ಪ: ಮಂಗಳವಾರ ಅಂಗಡಿಯನ್ನು ತಡವಾಗಿ ತೆರೆಯುತ್ತೇನೆ. ಆ ಒಪ್ಪಿಗೆ ಪತ್ರವನ್ನು ನಾನೂ ಓದಬೇಕು.